ಕಿಲಿಮಂಜಾರೋ, ಎಲ್ಬ್ರೂಸ್, ಐಲ್ಯಾಂಡ್ ಪೀಕ್: ಹುಬ್ಬಳ್ಳಿ-ಧಾರವಾಡದಿಂದ ಹೊರಡುವವರಿಗೆ ಯಾವುದು ಸರಿ?

ನಮ್ಮ ಊರಿನ ಓಟಗಾರರು, ಸೈಕಲ್ ಹೊಡೆಯುವವರು, ಹಿಮಾಲಯದ ಒಂದೆರಡು ಟ್ರೆಕ್ ಮುಗಿಸಿದವರು ಈಗೀಗ ಹೊರದೇಶದ ಶಿಖರಗಳ ಮಾತಾಡುತ್ತಿದ್ದಾರೆ. ಮೊದಲು ಯಾವುದಕ್ಕೆ ಹೋಗಲಿ ಎಂದು ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ರಜೆ ಎಷ್ಟು ದಿನ ಸಿಗುತ್ತದೆ? 'ದಿನಾ ಹತ್ತು ಕಿಲೋಮೀಟರ್ ಓಡ್ತೀನ್ರಿ, ಐದು ದಿನದಾಗ ಮುಗಿಸಿ ಬರ್ತೀನಿ' ಅನ್ನುವವರೇ ಹೆಚ್ಚು. ಓಡಿ ಗಟ್ಟಿಯಾದ ಕಾಲು ಬೇಕೇ ಬೇಕು. ಆದರೆ ಐದೂವರೆ ಸಾವಿರ ಮೀಟರ್ ಮೇಲೆ ತಲೆನೋವು ಬರುವುದು ಕಾಲು ಸೋತದ್ದಕ್ಕಲ್ಲ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಹೆಚ್ಚುಕಡಿಮೆ ಶೇಕಡಾ 21. ಕಡಿಮೆಯಾಗುವುದು ಗಾಳಿಯ ಒತ್ತಡ. 5,500 ಮೀಟರ್ ಹೊತ್ತಿಗೆ ಅದು ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ, ಅಂದರೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧ. ದೇಹ ಇದಕ್ಕೆ ಹಂತಹಂತವಾಗಿ ಹೊಂದಿಕೊಳ್ಳುತ್ತದೆ. ಮೊದಲ ಕೆಲವು ಗಂಟೆಗಳಲ್ಲೇ ಉಸಿರಾಟ, ಎದೆಬಡಿತ ಜೋರಾಗುತ್ತವೆ. ಜೋರು ಉಸಿರಾಟದಿಂದ ರಕ್ತದ ಕ್ಷಾರ-ಆಮ್ಲದ ಲೆಕ್ಕ ಏರುಪೇರಾಗುತ್ತದೆ, ಅದನ್ನು ಮೂತ್ರಪಿಂಡ ಸರಿಮಾಡಲು ಕೆಲವು ದಿನ ಹಿಡಿಯುತ್ತದೆ. ಕೆಂಪು ರಕ್ತಕಣ ಹೆಚ್ಚುವುದಕ್ಕೆ ವಾರಗಳೇ ಬೇಕು. ಇದರಲ್ಲಿ ಮ್ಯಾರಥಾನ್ ಓಡಿದವರಿಗೆ ಯಾವ ರಿಯಾಯಿತಿಯೂ ಇಲ್ಲ. ದಮ್ಮು ಇದ್ದವರು ಗುಂಪಿನ ಮುಂದೆ ಹೆಜ್ಜೆ ಹಾಕಿ ಎಲ್ಲರಿಗಿಂತ ಮೊದಲು ಕಾಯಿಲೆ ಬೀಳುವುದೂ ಉಂಟು.

ಆದ್ದರಿಂದ ಟ್ರೆಕ್ ಕಂಪನಿಯವರು ಕಳಿಸುವ ದಿನವಾರು ಪಟ್ಟಿಯಲ್ಲಿ ಶಿಖರದ ಫೋಟೋ, ದರ ಇವನ್ನೆಲ್ಲ ಆಮೇಲೆ ನೋಡಿ. ಮೊದಲು ಪೆನ್ನು ಹಿಡಿದು, ಪ್ರತಿ ರಾತ್ರಿ ಮಲಗುವ ಜಾಗದ ಎತ್ತರವನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಪರ್ವತ ವೈದ್ಯರು ಒಪ್ಪುವ ಅಳತೆ ಇದು: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಎಷ್ಟಾದರೂ ಮೇಲೆ ಹೋಗಿ ಬರಬಹುದು, ರಾತ್ರಿ ಕೆಳಗೆ ಬಂದು ಮಲಗಬೇಕು. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಅಳತೆಗೋಲು ಹಿಡಿದೇ ಮಾಡಿದ್ದೇನೆ.

ಮೂರು ಬೆಟ್ಟ, ಮೂರು ಬಗೆ

ತಾಂಜಾನಿಯಾದ ಕಿಲಿಮಂಜಾರೋ 5,895 ಮೀಟರ್. ನಡೆದೇ ಹತ್ತುವ ಬೆಟ್ಟ, ಮಾಮೂಲಿ ದಾರಿಗಳಲ್ಲಿ ಹಗ್ಗ, ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಮುಳ್ಳಿನ ಚೌಕಟ್ಟು) ಯಾವುದೂ ಬೇಡ. ಲೈಸೆನ್ಸ್ ಇರುವ ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ. ರಷ್ಯಾದ ಕಾಕಸಸ್ ಪರ್ವತಸಾಲಿನ ಎಲ್ಬ್ರೂಸ್ 5,642 ಮೀಟರ್, ಎತ್ತರ ಕಿಲಿಮಂಜಾರೋಗಿಂತ ಕಡಿಮೆ. ಆದರೆ ಮೇಲಿನ ಭಾಗವೆಲ್ಲ ಹಿಮನದಿ, ಕ್ರ್ಯಾಂಪಾನ್, ಐಸ್ ಆಕ್ಸ್ ಬಳಸಲು ಬರಲೇಬೇಕು. ನೇಪಾಳದ ಖುಂಬು ಪ್ರದೇಶದ ಐಲ್ಯಾಂಡ್ ಪೀಕ್ 6,100 ಮೀಟರ್ ಮೀರಿದ್ದು. ಕೊನೆಯ ಹಿಮದ ಗೋಡೆಯನ್ನು ಸೊಂಟಕ್ಕೆ ಹಾರ್ನೆಸ್ ಎಂಬ ಪಟ್ಟಿ ಕಟ್ಟಿ, ಹಗ್ಗಕ್ಕೆ ಜುಮಾರ್ ಎಂಬ ಮೇಲಕ್ಕೆ ಮಾತ್ರ ಸರಿಯುವ ಹಿಡಿಕೆ ಹಾಕಿ ಹತ್ತಬೇಕು.

ಎತ್ತರದ ಪ್ರಕಾರ ಸಾಲು ಮಾಡಿದರೆ ಎಲ್ಬ್ರೂಸ್ ಸುಲಭ, ಐಲ್ಯಾಂಡ್ ಪೀಕ್ ಕಷ್ಟ ಅನಿಸುತ್ತದೆ. ಮೈ ಒಗ್ಗುವ ದೃಷ್ಟಿಯಿಂದ ನೋಡಿದರೆ ಸಾಲು ತಿರುಗಿ ನಿಲ್ಲುತ್ತದೆ. ಐಲ್ಯಾಂಡ್ ಪೀಕ್‌ಗೆ ಹೋಗುವ ದಾರಿ ಎವರೆಸ್ಟ್ ಬೇಸ್ ಕ್ಯಾಂಪಿನ ಹಳೆಯ ದಾರಿಯೇ. 2,860 ಮೀಟರಿನ ಲುಕ್ಲಾದಲ್ಲಿ ವಿಮಾನ ಇಳಿದು, 3,440ರ ನಾಮ್ಚೆಯಲ್ಲಿ ಎರಡು ರಾತ್ರಿ, 3,860ರ ತೆಂಗ್‌ಬೋಚೆಯಲ್ಲಿ ಒಂದು, 4,410ರ ಡಿಂಗ್‌ಬೋಚೆಯಲ್ಲಿ ಮತ್ತೆ ಎರಡು, ಆಮೇಲೆ ಚುಕುಂಗ್. ಮೇಲಿನ ಅಳತೆಗೆ ಇಷ್ಟು ಹತ್ತಿರ ಹೊಂದುವ ದಾರಿ ಇನ್ನೊಂದಿಲ್ಲ. 1953ರ ಎವರೆಸ್ಟ್ ತಂಡದವರು ಮೈ ಒಗ್ಗಿಸಿಕೊಳ್ಳಲೆಂದೇ ಈ ಶಿಖರ ಹತ್ತಿದ್ದರು. ದಾರಿಯಲ್ಲಿ ಫೆರಿಚೆಗೆ ತಿರುಗಿದರೆ ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ದವಾಖಾನೆ ಇದೆ, ಸೀಸನ್ನಿನಲ್ಲಿ ಡಾಕ್ಟರುಗಳೇ ಎತ್ತರದ ಕಾಯಿಲೆ ಬಗ್ಗೆ ಚಾರಣಿಗರಿಗೆ ತಿಳಿಸಿ ಹೇಳುತ್ತಾರೆ. ಭಾರತೀಯರಿಗೆ ವೀಸಾ ಬೇಡ. ಬೇಕಾಗುವುದು ರಜೆ: ಮನೆಯಿಂದ ಮನೆಗೆ ಹೆಚ್ಚುಕಡಿಮೆ ಇಪ್ಪತ್ತು ದಿನ. ಲುಕ್ಲಾದ ವಿಮಾನ ಮೋಡ ಕವಿದರೆ ಹಾರುವುದಿಲ್ಲವಾದ್ದರಿಂದ ಕೊನೆಗೆ ಒಂದೆರಡು ದಿನ ಖಾಲಿ ಇಟ್ಟುಕೊಳ್ಳಲೇಬೇಕು.

ಎಲ್ಬ್ರೂಸ್ ಇದಕ್ಕೆ ತದ್ವಿರುದ್ಧ. ದಕ್ಷಿಣದ ದಾರಿಯಲ್ಲಿ ಕೇಬಲ್ ಕಾರ್ ಇದೆ. 2,350 ಮೀಟರಿನ ಅಜಾವ್‌ನಲ್ಲಿ ಹತ್ತಿದವರು ಅರ್ಧ-ಮುಕ್ಕಾಲು ಗಂಟೆಯಲ್ಲಿ 3,850ರ ಸುಮಾರಿಗೆ ಇಳಿಯುತ್ತಾರೆ. ಕಾಲಿಗೆ ಆರಾಮ, ದೇಹಕ್ಕೆ ಹೊಡೆತ. ಶಿಖರದ ದಿನ ಸ್ನೋಕ್ಯಾಟ್ ಎಂಬ ಹಿಮದ ಗಾಡಿ ಇನ್ನಷ್ಟು ಮೇಲೆ ಬಿಡುತ್ತದೆ. ಒಳ್ಳೆಯ ತಂಡದವರು ಮೊದಲ ಕೆಲವು ದಿನ ಚೆಗೆಟ್, ತೆರ್ಸ್ಕೋಲ್ ಕಡೆಯ ಗುಡ್ಡಗಳಿಗೆ ಮೂರು ಸಾವಿರ ಮೀಟರ್ ತನಕ ನಡೆಸಿಕೊಂಡು ಹೋಗಿ ಬರುತ್ತಾರೆ, ಆಮೇಲೆ ಮೇಲಿನ ಗುಡಿಸಲಿನಲ್ಲಿ ಮಲಗಿಸಿ 4,700ರ ಪಾಸ್ತುಖೋವ್ ಬಂಡೆಗಳ ತನಕ ಹತ್ತಿಸಿ ಇಳಿಸುತ್ತಾರೆ. ಪಟ್ಟಿಯಲ್ಲಿ ಇವು ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡಿ. ಹವೆಯೂ ಅಲ್ಲಿ ಬೇಗ ತಿರುಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ಹಿಮಬಿರುಗಾಳಿಗೆ ಸಿಕ್ಕ ಒಂದು ತಂಡದ ಐವರು ಸತ್ತರು. ವೀಸಾ ಬೇಕು. 2022ರಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ರಷ್ಯಾದಲ್ಲಿ ನಡೆಯುವುದಿಲ್ಲ, ನಗದೇ ಒಯ್ಯಬೇಕು. ಹೊರಡುವ ಮುಂಚೆ ನಮ್ಮ ಸರ್ಕಾರದ ಪ್ರಯಾಣ ಸೂಚನೆ ನೋಡುವುದೂ ಅಷ್ಟೇ ಮುಖ್ಯ. ಹಿಮದ ಮೇಲೆ ಎಂದೂ ನಡೆಯದವರಿಗೆ ಇದನ್ನು ಮೊದಲ ಶಿಖರವೆಂದು ನಾನು ಹೇಳಲಾರೆ.

ಕಾಲಮಾನವೂ ನಮ್ಮ ರಜೆಗೆ ಸರಿಹೋಗಬೇಕಲ್ಲ. ಶಾಲೆ-ಕಾಲೇಜಿನ ನೌಕರಿಯವರಿಗೆ ಏಪ್ರಿಲ್-ಮೇ ರಜೆ ದೊಡ್ಡದು, ಆದರೆ ಅದೇ ಹೊತ್ತಿಗೆ ಕಿಲಿಮಂಜಾರೋದಲ್ಲಿ ದೊಡ್ಡ ಮಳೆ. ನೇಪಾಳಕ್ಕೆ ಅದು ಒಳ್ಳೆಯ ಕಾಲ. ದಸರಾ ರಜೆಯ ಆಸುಪಾಸು ನೇಪಾಳ, ಕಿಲಿಮಂಜಾರೋ ಎರಡೂ ನಡೆಯುತ್ತವೆ. ಎಲ್ಬ್ರೂಸ್‌ಗೆ ಜುಲೈ-ಆಗಸ್ಟ್, ಮೇಷ್ಟ್ರುಗಳಿಗೆ ಆಗದ ಮಾತು.

ಕಿಲಿಮಂಜಾರೋ ಆದರೆ ಯಾವ ದಾರಿ?

ನಮ್ಮ ಕಡೆಯಿಂದ ಹೊರಡುವ ಹೆಚ್ಚಿನವರು ಕೊನೆಗೆ ಆರಿಸುವುದು ಕಿಲಿಮಂಜಾರೋವನ್ನೇ, ಮೊದಲ ಶಿಖರಕ್ಕೆ ನನ್ನ ಮತವೂ ಅದಕ್ಕೇ. ಆದರೆ ಎಡವುವುದು ದಾರಿ ಆರಿಸುವಾಗ. ರಾಷ್ಟ್ರೀಯ ಉದ್ಯಾನದ ಶುಲ್ಕ ದಿನಕ್ಕಿಷ್ಟು ಎಂದು ಇದೆ. ದಿನ ಕಡಿಮೆಯಾದಷ್ಟು ಪ್ಯಾಕೇಜ್ ಅಗ್ಗ. ಹಾಗಾಗಿ ಐದು ದಿನದ ಮರಂಗು ದಾರಿ ಎಲ್ಲ ಪಟ್ಟಿಯಲ್ಲೂ ಕಡಿಮೆ ದರಕ್ಕೆ ಕಾಣುತ್ತದೆ, ಮೇಲಾಗಿ ಟೆಂಟ್ ಬದಲು ಮಂಚವಿರುವ ಗುಡಿಸಲು. ಮನೆಯವರಿಗೂ ಅದೇ ಭದ್ರ ಅನಿಸುತ್ತದೆ.

ಈಗ ಮಲಗುವ ಎತ್ತರ ಬರೆಯಿರಿ. ಮೊದಲ ರಾತ್ರಿ ಮಂದಾರ, 2,720. ಎರಡನೇ ರಾತ್ರಿ ಹೊರೊಂಬೊ, 3,720. ಮೂರನೇ ರಾತ್ರಿ ಕಿಬೋ, 4,720. ದಿನಕ್ಕೆ ಸರಿಯಾಗಿ ಸಾವಿರ ಮೀಟರ್, ಇರಬೇಕಾದ್ದರ ಎರಡು ಪಟ್ಟು. ಕಿಬೋದಲ್ಲಿ ನಿದ್ದೆ ಬರುವ ಮುಂಚೆಯೇ ನಡುರಾತ್ರಿ ಎಬ್ಬಿಸಿ ಇನ್ನೂ 1,175 ಮೀಟರ್ ಹತ್ತಿಸುತ್ತಾರೆ. ಆರು ದಿನದ್ದನ್ನು ತೆಗೆದುಕೊಂಡರೆ ಹೊರೊಂಬೊದಲ್ಲಿ ಎರಡು ರಾತ್ರಿ ಸಿಗುತ್ತದೆ. ವಾಸಿ, ಆದರೂ ಕಿಬೋಕ್ಕೆ ಏರುವ ಸಾವಿರ ಮೀಟರ್ ಹಾಗೆಯೇ ಉಳಿಯುತ್ತದೆ.

ಏಳು ದಿನದ ಮಚಾಮೆಯಲ್ಲಿ ಲೆಕ್ಕ ಬೇರೆ. ಸುಮಾರು 2,850ರಲ್ಲಿ ಮೊದಲ ರಾತ್ರಿ, ಶಿರಾದಲ್ಲಿ 3,850. ಈ ಜಿಗಿತ ದೊಡ್ಡದೇ. ಮೂರನೇ ದಿನ ಲಾವಾ ಟವರ್ ಎಂಬ ಕರಿಬಂಡೆಯ ತನಕ 4,600 ಹತ್ತಿಸಿ, ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡ ಮೇಲೆ ಬರಾಂಕೊ ಕಣಿವೆಗೆ, ಸುಮಾರು 3,950ಕ್ಕೆ ಇಳಿಸುತ್ತಾರೆ. ಲಾವಾ ಟವರಿನಲ್ಲಿ ಬಹಳ ಜನರಿಗೆ ತಲೆ ಹಿಡಿದುಕೊಳ್ಳುತ್ತದೆ, ಇಳಿದ ಮೇಲೆ ಬಿಡುತ್ತದೆ. ದೇಹಕ್ಕೆ ಪಾಠ ಆಗುವುದು ಆ ದಿನವೇ. ಮರುದಿನ ಕರಂಗಾ, ಅದೂ ನಾಲ್ಕು ಸಾವಿರದ ಆಸುಪಾಸು. ಹೀಗೆ ಒಂದೇ ಎತ್ತರದಲ್ಲಿ ಎರಡು ಮೂರು ರಾತ್ರಿ ಕಳೆದು ಬರಾಫು, 4,670. ಆರು ದಿನದ ಮಚಾಮೆ ಮಾರುವವರು ಕತ್ತರಿಸುವುದು ಕರಂಗಾದ ಆ ರಾತ್ರಿಯನ್ನೇ. ಅದನ್ನು ಬಿಟ್ಟುಕೊಡಬೇಡಿ.

ಎಂಟು ದಿನದ ಲೆಮೋಶೋ ಪಶ್ಚಿಮದಿಂದ ಬಂದು ಇದೇ ದಾರಿಗೆ ಕೂಡುತ್ತದೆ. ಶಿರಾ ಬಯಲಿನಲ್ಲಿ ಒಂದರ ಬದಲು ಎರಡು ರಾತ್ರಿ, ಸುಮಾರು 3,500 ಮತ್ತು 3,850. ಮಚಾಮೆಯ ಆ ಸಾವಿರ ಮೀಟರಿನ ಜಿಗಿತ ಇಲ್ಲಿ ಎರಡು ಮೆಟ್ಟಿಲಾಗುತ್ತದೆ. ಹಣಕ್ಕೆ ತೀರಾ ತೊಂದರೆ ಇಲ್ಲದಿದ್ದರೆ ಕಣ್ಣುಮುಚ್ಚಿ ಇದನ್ನು ಹಿಡಿಯಿರಿ. ಉತ್ತರದಿಂದ ಹತ್ತುವ ರೋಂಗಾಯ್ ಕಡೆ ಮಳೆ ಕಡಿಮೆ, ಜನವೂ ಕಡಿಮೆ. ಏಳು ದಿನದ್ದಾದರೆ 4,300ರ ಮಾವೆಂಜಿ ಕೊಳದ ಹತ್ತಿರ ಎರಡು ರಾತ್ರಿ ಇರುತ್ತದೆ, ಆಗಬಹುದು. ಉಂಬ್ವೆ ಕಡಿದಾದ ದಾರಿ, ಮೊದಲ ಸಲದವರಿಗೆ ಬೇಡ.

ಇನ್ನೊಂದು ಮಾತು, ಇದು ಎತ್ತರಕ್ಕೆ ಸೇರಿದ್ದಲ್ಲ, ಆದರೂ ಹೇಳಲೇಬೇಕು. ನಿಮ್ಮ ಟೆಂಟು, ಅಕ್ಕಿ, ಗ್ಯಾಸ್ ಸಿಲಿಂಡರ್ ಹೊರುವವರು ಅಲ್ಲಿಯ ಪೋರ್ಟರುಗಳು. ಒಬ್ಬರ ಮೇಲೆ 20 ಕಿಲೋಗಿಂತ ಹೆಚ್ಚು ಹೊರಿಸಬಾರದೆಂಬ ನಿಯಮವಿದೆ. ದರ ತೀರಾ ಇಳಿಸಿದ ಕಡೆ ಮೊದಲು ಕಡಿತವಾಗುವುದು ಅವರ ಕೂಲಿ, ಅವರ ಊಟ. ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ಜೊತೆ ಸೇರಿದ ಕಂಪನಿಯೇ ಎಂದು ಕೇಳಿ ನೋಡಿ ಹಣ ಕಟ್ಟಿ.

ಮೈ ಒಗ್ಗಿಸುವ ಕೆಲಸ ಊರಲ್ಲೇ ಆಗುತ್ತದೆಯೇ?

ಆಗುವುದಿಲ್ಲ. ಧಾರವಾಡ ಇರುವುದು 750 ಮೀಟರ್ ಆಸುಪಾಸಿನಲ್ಲಿ, ಹುಬ್ಬಳ್ಳಿ ಅದಕ್ಕಿಂತ ಕೆಳಗೆ. ಕರ್ನಾಟಕದ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್, ಇಡೀ ದಕ್ಷಿಣ ಭಾರತದ ಎತ್ತರದ ಆನೆಮುಡಿಯೂ 2,695ಕ್ಕೆ ಮುಗಿಯುತ್ತದೆ. ಹಾಗಾಗಿ ಮುಂಚಿತವಾಗಿ ಒಗ್ಗಿಸಿಕೊಳ್ಳಬೇಕೆಂದರೆ ಇರುವ ದಾರಿಗಳು ಮೂರು.

ಒಂದು, ಹಿಮಾಲಯದಲ್ಲಿ ಟ್ರೆಕ್ ಮುಗಿಸಿ ಅಲ್ಲಿಂದಲೇ ಹೊರಡುವುದು. ಗಳಿಸಿದ ಒಗ್ಗುವಿಕೆ ಕೆಳಗಿಳಿದ ಎರಡು-ಮೂರು ವಾರದಲ್ಲಿ ಕರಗಿಹೋಗುತ್ತದೆ. ಮೇ ತಿಂಗಳಲ್ಲಿ ಮಾಡಿದ ಟ್ರೆಕ್ ಸೆಪ್ಟೆಂಬರಿನ ಕಿಲಿಮಂಜಾರೋಕ್ಕೆ ರಕ್ತದಲ್ಲಿ ಉಳಿದಿರುವುದಿಲ್ಲ. ಆದರೆ ಅದರಿಂದ ಇನ್ನೊಂದು ಲಾಭವಿದೆ: ನಾಲ್ಕು ಸಾವಿರ ಮೀಟರಿನಲ್ಲಿ ನಿಮ್ಮ ತಲೆ, ಹೊಟ್ಟೆ, ನಿದ್ದೆ ಹೇಗಿರುತ್ತವೆ ಎಂದು ಗೊತ್ತಾಗಿರುತ್ತದೆ. ಒಮ್ಮೆ ಕಾಯಿಲೆ ಬಿದ್ದವರು ಅದೇ ವೇಗದಲ್ಲಿ ಹತ್ತಿದರೆ ಮತ್ತೆ ಬೀಳುವ ಸಂಭವ ಹೆಚ್ಚು. ಅಷ್ಟು ತಿಳಿದರೂ ಆ ಟ್ರೆಕ್ಕಿನ ಖರ್ಚು ಹುಟ್ಟಿದಂತೆ.

ಎರಡು, ಬೆಟ್ಟದ ಹತ್ತಿರವೇ ಇನ್ನೊಂದು ಬೆಟ್ಟ ಹತ್ತುವುದು. ಅರುಷಾ ಪಕ್ಕದ ಮೇರು ಪರ್ವತ 4,560 ಮೀಟರ್ ಮೀರಿದೆ, ಮೂರು-ನಾಲ್ಕು ದಿನದ ದಾರಿ. ಅದನ್ನು ಹತ್ತಿ, ಒಂದು ದಿನ ವಿಶ್ರಾಂತಿ ತೆಗೆದುಕೊಂಡು ಕಿಲಿಮಂಜಾರೋಕ್ಕೆ ಹೋದವರಿಗೆ ಶಿರಾ ಬಯಲು ಸಲೀಸು. ಮೂರರಲ್ಲಿ ನನಗೆ ಒಪ್ಪಿಗೆಯಾದದ್ದು ಇದೇ. ರಜೆ ಸಾಲದಿದ್ದರೆ ಮೇರು ಬಿಟ್ಟು ಆ ಹಣವನ್ನು ಎಂಟು ದಿನದ ಲೆಮೋಶೋಗೆ ಹಾಕಿ.

ಮೂರು, ಮನೆಯಲ್ಲಿ ಕಡಿಮೆ ಆಮ್ಲಜನಕದ ಟೆಂಟ್ ಹಾಕಿಕೊಂಡು ಮಲಗುವುದು. ವಾರಗಟ್ಟಲೆ, ರಾತ್ರಿ ಪೂರ್ತಿ ಮಲಗಿದರೆ ಮಾತ್ರ ಏನಾದರೂ ಉಪಯೋಗ. ವ್ಯಾಯಾಮಕ್ಕೆ ಹಾಕಿಕೊಳ್ಳುವ ಮಾಸ್ಕುಗಳು ಉಸಿರನ್ನು ಬಿಗಿಯುತ್ತವೆ ಅಷ್ಟೇ, ಗಾಳಿಯ ಒತ್ತಡ ಇಳಿಸುವುದಿಲ್ಲ, ದುಡ್ಡು ದಂಡ.

ಊರಲ್ಲಿ ಮಾಡಬೇಕಾದ್ದು ಕಾಲು, ಮೊಣಕಾಲು, ದಮ್ಮಿನ ಕೆಲಸ. ನೃಪತುಂಗ ಬೆಟ್ಟವನ್ನು ಬೆನ್ನಿಗೆ ಎಂಟು-ಹತ್ತು ಕಿಲೋ ಹೊತ್ತು ನಿಧಾನವಾಗಿ ಮೇಲೆ ಕೆಳಗೆ ಮಾಡಿ, ಓಡಬೇಡಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರಿಳಿತ ಬೆಳಗಿನ ಓಟಕ್ಕೆ ಚಲೋ. ವಾರಕ್ಕೊಮ್ಮೆಯಾದರೂ ದೀರ್ಘ ನಡಿಗೆ ಬೇಕು. ಗದಗಿನವರಿಗೆ ಕಪ್ಪತಗುಡ್ಡ ಮಗ್ಗುಲಲ್ಲೇ ಇದೆ, ಬಿಸಿಲೇರುವ ಮುಂಚೆ ಇಳಿಯುವ ಹಾಗೆ ಹೊರಡಬೇಕಷ್ಟೇ. ಶನಿವಾರ ಒಂದು, ಭಾನುವಾರ ಇನ್ನೊಂದು ಹೀಗೆ ಬೆನ್ನುಬೆನ್ನಿಗೆ ಮಾಡಿದರೆ ದಣಿದ ಕಾಲಲ್ಲಿ ನಡೆಯುವ ರೂಢಿಯಾಗುತ್ತದೆ. ಇಳಿಜಾರನ್ನು ಮರೆಯಬೇಡಿ. ಕಿಲಿಮಂಜಾರೋದಲ್ಲಿ ಶಿಖರ ಮುಟ್ಟಿದ ದಿನವೇ 5,895ರಿಂದ ಮ್ವೇಕಾ ಕ್ಯಾಂಪಿನ 3,100ರ ತನಕ ಇಳಿಯಬೇಕು, ಒಂದೇ ದಿನ 2,800 ಮೀಟರ್. ಮೊಣಕಾಲು ಅಳುವುದು ಅಲ್ಲಿ. ಐಲ್ಯಾಂಡ್ ಪೀಕ್ ಆರಿಸಿದವರು ಬಾದಾಮಿಯ ಬಂಡೆಗಳ ಮೇಲೆ ಹಾರ್ನೆಸ್, ಗಂಟು, ಜುಮಾರ್ ಕಲಿತು ಹೋಗಬಹುದು. ಹಿಮದ ನಡಿಗೆ ಕಲಿಯಲು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಬೇಸಿಕ್ ಕೋರ್ಸ್ ತುಂಬ ಒಳ್ಳೆಯದು, ಆದರೆ ಅದಕ್ಕೇ ಹತ್ತಿರಹತ್ತಿರ ಒಂದು ತಿಂಗಳು ಬೇಕು.

ರಕ್ತ ಪರೀಕ್ಷೆಯನ್ನು ಮೂರು ತಿಂಗಳು ಮೊದಲೇ ಮಾಡಿಸಿ. ಮೈಯಲ್ಲಿ ಕಬ್ಬಿಣಾಂಶ ಕಡಿಮೆ ಇದ್ದರೆ ಹೊಸ ರಕ್ತಕಣ ಆಗುವುದೆಲ್ಲಿಂದ? ಹೆಣ್ಣುಮಕ್ಕಳು ಇದನ್ನು ಖಂಡಿತ ನೋಡಿಸಿಕೊಳ್ಳಬೇಕು. ಬಿಪಿ, ಸಕ್ಕರೆ, ಹೃದಯದ ತೊಂದರೆ ಇದ್ದವರು ಡಾಕ್ಟರ್ ಮುಂದೆ ಎತ್ತರದ ಅಂಕಿಸಮೇತ ಹೇಳಿ, 'ಟ್ರೆಕ್ಕಿಗೆ ಹೋಗ್ತೀನಿ' ಅಂದರೆ ಸಾಲದು.

ಗುಳಿಗೆಯೋ, ದಿನವೋ?

ಡಯಾಮಾಕ್ಸ್ ಎಂದು ಕರೆಯುವ ಅಸೆಟಜೋಲಮೈಡ್ ಉಪಯೋಗದ ಗುಳಿಗೆ. ಮೂತ್ರಪಿಂಡ ನಿಧಾನವಾಗಿ ಮಾಡುವ ಕೆಲಸವನ್ನು ಅದು ಚುರುಕು ಮಾಡುತ್ತದೆ, ನೋವು ಮುಚ್ಚಿಡುವ ಗುಳಿಗೆಯಲ್ಲ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು, ಹತ್ತುವ ಹಿಂದಿನ ದಿನದಿಂದ ಶುರು. ಬೆರಳು ಜುಮ್ಮೆನ್ನುತ್ತವೆ, ಮೂತ್ರ ಹೆಚ್ಚು, ಸೋಡಾ ಕುಡಿದರೆ ರುಚಿ ಕೆಟ್ಟಿರುತ್ತದೆ. ಸಲ್ಫಾ ಔಷಧ ಆಗದವರು ಡಾಕ್ಟರಿಗೆ ಹೇಳಲೇಬೇಕು. ಊರಲ್ಲಿರುವಾಗಲೇ ಒಂದೆರಡು ದಿನ ನುಂಗಿ ನೋಡುವುದು ಜಾಣತನ. ಆದರೆ ಐದು ದಿನದ ಮರಂಗುವನ್ನು ಈ ಗುಳಿಗೆ ಎಂಟು ದಿನದ ಲೆಮೋಶೋ ಮಾಡಿಕೊಡುವುದಿಲ್ಲ. ನಿದ್ದೆಗುಳಿಗೆ, ಮದ್ಯ ಎರಡೂ ಬೇಡ, ಉಸಿರಾಟವನ್ನು ಅವು ಇನ್ನಷ್ಟು ಮಂದ ಮಾಡುತ್ತವೆ.

ತಲೆನೋವು, ವಾಕರಿಕೆ, ಸುಸ್ತು ಇಷ್ಟಿದ್ದರೆ ಅಲ್ಲೇ ನಿಲ್ಲಬೇಕು, ಮೇಲೆ ಹೋಗಬಾರದು. ಸಂಜೆ ಟೆಂಟಿನ ಹೊರಗೆ ಒಬ್ಬರನ್ನೊಬ್ಬರು ಹೀಗೆ ನೋಡಿಕೊಳ್ಳಿ: ನೆಲದ ಮೇಲೆ ನೇರ ಗೆರೆ ಎಳೆದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ಹತ್ತು ಹೆಜ್ಜೆ ನಡೆಸಿ. ಜೋಲಿ ಹೊಡೆದರೆ, ಮಾತು ತೊದಲಿದರೆ ಮಿದುಳಿಗೆ ನೀರು ತುಂಬುತ್ತಿದೆ ಎಂದೇ ತಿಳಿಯಬೇಕು. ಕೂತಲ್ಲೇ ಏದುಸಿರು, ಕೆಮ್ಮಿನಲ್ಲಿ ಗುಲಾಬಿ ನೊರೆ ಬಂದರೆ ಪುಪ್ಪುಸಕ್ಕೆ. ಎರಡಕ್ಕೂ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯೇ ಕೆಳಗಿಳಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ಯಿರಿ, ಆದರೆ ತಣ್ಣಗಾದ ಬೆರಳು ತಪ್ಪು ಅಂಕಿ ತೋರಿಸುತ್ತದೆ. ಮನುಷ್ಯ ಹೇಗಿದ್ದಾನೆ ನೋಡಿ, ಆಮೇಲೆ ಅಂಕಿ.

ಎತ್ತರದಲ್ಲಿ ಹಸಿವೆ ಸಾಯುತ್ತದೆ, ಬೇರೆ ಊರಿನ ಸೂಪು ಗಂಟಲಲ್ಲಿ ಇಳಿಯುವುದಿಲ್ಲ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದವರು ನಾಲ್ಕು ತುತ್ತು ಹೆಚ್ಚು ಉಣ್ಣುತ್ತಾರೆ. ಕರದಂಟು ಶಿಖರದ ರಾತ್ರಿಗೆ ಬಲು ಒಳ್ಳೆಯದು, ಆದರೆ ಚಳಿಗೆ ಕಲ್ಲಾಗುತ್ತದೆ, ಮನೆಯಲ್ಲೇ ಅಡಿಕೆ ಹೋಳಿನಷ್ಟು ಒಡೆದು ಒಳಜೇಬಿಗೆ ಹಾಕಿ. ನೀರಿನ ಪೈಪು ಮೊದಲ ಗಂಟೆಯಲ್ಲೇ ಹೆಪ್ಪುಗಟ್ಟುತ್ತದೆ. ಬಾಟಲಿಗೆ ಉಣ್ಣೆಯ ಕಾಲುಚೀಲ ಹಾಕಿ ತಲೆಕೆಳಗೆ ಇಟ್ಟುಕೊಳ್ಳಿ, ಮಂಜುಗಡ್ಡೆ ಮೇಲ್ಭಾಗದಲ್ಲಿ ಕಟ್ಟುವುದರಿಂದ ಬಾಯಿ ತೆರೆದೇ ಇರುತ್ತದೆ.

ಯಾರಿಗೆ ಯಾವುದು

ಹದಿಮೂರು-ಹದಿನಾಲ್ಕು ದಿನ ರಜೆ, ಹಿಮದ ಅನುಭವ ಇಲ್ಲ: ಎಂಟು ದಿನದ ಲೆಮೋಶೋ, ಅದಾಗದಿದ್ದರೆ ಏಳು ದಿನದ ಮಚಾಮೆ. ಇಪ್ಪತ್ತು ದಿನ ಸಿಕ್ಕು, ಹಗ್ಗ-ಹಿಮ ಕಲಿಯುವ ಮನಸ್ಸಿದ್ದರೆ ಐಲ್ಯಾಂಡ್ ಪೀಕ್. ಬೇಸಿಕ್ ಕೋರ್ಸ್ ಮುಗಿಸಿ ಜುಲೈಯಲ್ಲಿ ಬಿಡುವಿದ್ದವರಿಗೆ ಎಲ್ಬ್ರೂಸ್. ವಿಮೆ ಮಾಡಿಸುವಾಗ ಎಷ್ಟು ಮೀಟರ್ ತನಕ ಎಂದು ಓದಿ. 6,000ಕ್ಕೆ ನಿಲ್ಲುವ ಪಾಲಿಸಿ ಕಿಲಿಮಂಜಾರೋಕ್ಕೆ ಸಾಕು, ಐಲ್ಯಾಂಡ್ ಪೀಕ್‌ಗೆ ಸಾಲದು. ಹೆಲಿಕಾಪ್ಟರ್ ಖರ್ಚು ಸೇರಿರಬೇಕು. ತಾಂಜಾನಿಯಾಕ್ಕೆ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವವರು ಹಳದಿ ಜ್ವರದ ಲಸಿಕೆಯ ನಿಯಮವನ್ನು ಹೋಗುವಾಗಿನದು, ಬರುವಾಗಿನದು ಎರಡೂ ನೋಡಿಕೊಳ್ಳಬೇಕು. ಪ್ರಯಾಣಕ್ಕೆ ಹತ್ತು ದಿನ ಮೊದಲಾದರೂ ಲಸಿಕೆ ಆಗಿರಬೇಕು.

ಹೋಗಿ ಬರುವುದೂ ಸೇರಿ ಒಂಬತ್ತೇ ದಿನ ರಜೆ ಸಿಗುವವರು ಈ ವರ್ಷ ಆರು ಸಾವಿರದ ಹತ್ತಿರದ ಯಾವ ಶಿಖರಕ್ಕೂ ಹಣ ಕಟ್ಟಬೇಡಿ. ಆ ಒಂಬತ್ತು ದಿನದಲ್ಲಿ ಉತ್ತರಾಖಂಡದಲ್ಲೋ ಹಿಮಾಚಲದಲ್ಲೋ ನಾಲ್ಕು ಸಾವಿರ ಮೀಟರಿನ ಒಂದು ಟ್ರೆಕ್ ಮಾಡಿ, ದಿನಾ ಸಂಜೆ ತಲೆನೋವು, ನಿದ್ದೆ, ಹಸಿವೆ ಹೇಗಿತ್ತು ಎಂದು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಕಿಲಿಮಂಜಾರೋದ ಗೈಡ್ ಮೊದಲ ದಿನ ಕೇಳುವುದು ಅದನ್ನೇ.